ಆಮೆಯ ಊಟ

ಆ ಬೀದಿಯಲ್ಲಿ ಯಾರ ಬಟ್ಟೆ ಹರಿದರೂ ಮೊದಲು ಖುಷಿಪಡುತ್ತಿದ್ದವಳು ಚಿಂದಿಯಮ್ಮ. ಮೊಳೆಗೆ ಸಿಕ್ಕಿ ಅಂಗಿ ಪರ್ರೆಂದು ಹರಿದುಕೊಂಡವನು ಇನ್ನೂ ಅಯ್ಯೋ ಅನ್ನುತ್ತಿರುವಾಗಲೇ ಇವಳು ಬಾಗಿಲಲ್ಲಿ ನಿಂತು, "ತೋಳು ನನಗಿರಲಿ ಕಣಪ್ಪಾ, ಗುಂಡಿ ಬೇಕಾದ್ರೆ ನೀನೇ ಇಟ್ಕೋ" ಅನ್ನುತ್ತಿದ್ದಳು. ಅವಳಿಗೆ ಬೇರೊಂದು ಹೆಸರಿರಲಿಲ್ಲವೆಂದಲ್ಲ. ಅದು ಗುರುತಿನ ಚೀಟಿಯಲ್ಲಿ ಬೆಚ್ಚಗೆ ಮಲಗಿತ್ತು, ಎಬ್ಬಿಸುವವರು ಯಾರೂ ಇರಲಿಲ್ಲ.

ಗಂಡ ಬಸ್ಸಿನ ಕಂಡಕ್ಟರ್. ಅವನು ತೀರಿಕೊಂಡ ವರ್ಷ, ಅವನ ಐದು ಜೊತೆ ಖಾಕಿ ಬಟ್ಟೆಯನ್ನು ಏನು ಮಾಡುವುದೆಂದು ತೋಚದೆ ಕೂತಿದ್ದವಳು ಒಂದು ದಿನ ಕತ್ತರಿ ತಗೊಂಡು ಒಂದು ಪ್ಯಾಂಟನ್ನು ಸೀಳಿದಳು. ಅದರಿಂದ ಮನೆಯ ಮುಂಬಾಗಿಲು ಮಾಡಿದಳು, ಅಂಗೈ ಅಗಲದ ಬಟ್ಟೆಯ ಬಾಗಿಲು. ಬಾಗಿಲಾದ ಮೇಲೆ ಹೊಸ್ತಿಲು ಬೇಡವೇ? ಹೊಸ್ತಿಲಾದ ಮೇಲೆ ಗೋಡೆ? ಹೀಗೆ ಆರು ವರ್ಷದಲ್ಲಿ ಗೋಡೆಯಷ್ಟಗಲದ ಒಂದು ಕೌದಿ ಎದ್ದಿತ್ತು. ಅವರು ಇದ್ದ ಮನೆಯದೇ ಚಿತ್ರ ಅದು, ಮೇಲಿನ ಸೂರು ತೆಗೆದು ಬಗ್ಗಿ ನೋಡಿದ ಹಾಗೆ. ಅಡುಗೆಮನೆಗೆ ಹಳೆಯ ಕೈಬಟ್ಟೆಗಳು; ಒಲೆಯ ಹಿಂದಿನ ಹೊಗೆಗಪ್ಪು ಬರಲೆಂದು ಬೇಕೆಂದೇ ಇಸ್ತ್ರಿಪೆಟ್ಟಿಗೆ ಒತ್ತಿ ಹಿಡಿದು ಸುಟ್ಟಿದ್ದಳು. ಕಿಟಕಿಗೆ ನಾಲ್ಕು ಪದರ ತೆಳುಬಟ್ಟೆಯಿಟ್ಟು ಹೊಲಿದು, ಆಮೇಲೆ ಒಂದೊಂದೇ ಪದರ ಕತ್ತರಿಸಿ ತೆಗೆದಾಗ ಅಲ್ಲಿ ಬೆಳಗಿನ ಬೆಳಕು ಬಂದು ಕೂತಿತ್ತು. ಸೋರುವ ಮೂಲೆಗೆ ಚಹಾದ ಕಲೆ. ತುಕ್ಕು ಹಿಡಿದ ಮೊಳೆಗಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು ಬಚ್ಚಲಿನ ಪೈಪಿನ ಬಣ್ಣ. ಎಲ್ಲ ಪ್ರಯೋಗವೂ ಗೆದ್ದಿತ್ತೆಂದಲ್ಲ. ಈರುಳ್ಳಿ ಸಿಪ್ಪೆ ಕುದಿಸಿ ಬಣ್ಣ ತೆಗೆಯಲು ಹೋಗಿ ಅನ್ನದ ಪಾತ್ರೆ ಹಳದಿಯಾದಾಗ ಸೊಸೆ ಒಂದು ವಾರ ಮಾತು ಬಿಟ್ಟಿದ್ದಳು.

ಇನ್ನು ಉಳಿದಿದ್ದು ಒಂದೇ ಮೂಲೆ, ಮೊಮ್ಮಗಳು ಮಲಗುವ ಜಾಗ. ಅಲ್ಲಿ ಬಿಳಿ ಬಟ್ಟೆಯ ಮೇಲೆ ಪೆನ್ಸಿಲಿನ ಗೆರೆ ಮಾತ್ರ ಇತ್ತು. ಅಷ್ಟರಲ್ಲಿ ಕಲಾಪ್ರದರ್ಶನ ನಡೆಸುವ ಹೆಂಗಸೊಬ್ಬಳು ಯಾರದೋ ಬಾಯಲ್ಲಿ ಕೇಳಿ ಹುಡುಕಿಕೊಂಡು ಬಂದಿದ್ದಳು. ಕಾಲು ಗಂಟೆ ಮಾತಿಲ್ಲದೆ ನಿಂತು ನೋಡಿ, "ಇದಕ್ಕೆ ಒಂದು ಇಡೀ ಗೋಡೆ ಕೊಡ್ತೀನಿ. ಎರಡು ತಿಂಗಳು ಟೈಮಿದೆ, ಮುಗಿಸಿ ತನ್ನಿ" ಅಂದಿದ್ದಳು. ಅರವತ್ತೊಂದು ವರ್ಷದಲ್ಲಿ ಚಿಂದಿಯಮ್ಮನಿಗೆ ಯಾರೂ ಒಂದು ಇಡೀ ಗೋಡೆ ಕೊಟ್ಟಿರಲಿಲ್ಲ. ಅವತ್ತು ಅವಳು ಊಟಕ್ಕೆ ಕೂತರೂ ಅನ್ನ ಇಳಿಯಲಿಲ್ಲ, ಅಷ್ಟು ಸಂತೋಷ.

ಅವಳ ಕೆಲಸಕ್ಕೆ ಒಂದು ನಿಯಮವಿತ್ತು. ಒಂದು ಎಳೆಯೂ ಕಸಕ್ಕೆ ಹೋಗಬಾರದು. ಕೌದಿಗೆ ಬಾರದ ಉಗುರಿನಷ್ಟು ಚೂರುಗಳೆಲ್ಲ ಆಮೆಗೆ. ಆಮೆಯೆಂದರೆ ಮೊಮ್ಮಗಳು ಹುಟ್ಟಿದಾಗ ಹೊಲಿದ ದಿಂಬು. ಹಸಿರು ಬೆನ್ನು, ನಾಲ್ಕು ಕಾಲು, ಹೊಟ್ಟೆಯಲ್ಲಿ ಸಡಿಲ ಹೊಲಿಗೆಯ ಒಂದು ಬಾಯಿ. ಮೊಮ್ಮಗಳಿಗೆ ಈಗ ಆರು ವರ್ಷ, ಮನೆಯಲ್ಲಿ ಕರೆಯುವುದು ಗುಬ್ಬಿ ಎಂದು. ಸಂಜೆ ಶಾಲೆಯಿಂದ ಬಂದವಳೇ ಚೂರುಗಳ ಡಬ್ಬಿ ತಂದು ಅಜ್ಜಿಯ ಮುಂದೆ ಕೂರುತ್ತಿದ್ದಳು. ಅಜ್ಜಿ ಹೊಲಿಗೆ ಬಿಚ್ಚುವಳು, ಗುಬ್ಬಿ ತುತ್ತು ತುತ್ತಾಗಿ ಆಮೆಯ ಹೊಟ್ಟೆಗೆ ಚೂರು ತುರುಕುವಳು. "ಇದು ಅಡುಗೆಮನೆ, ಇದು ಬಚ್ಚಲು, ಇದು ತಾತ. ಅಜ್ಜಿ, ತೇಗು ಬಂತು ಇದಕ್ಕೆ." ಆಮೇಲೆ ಅದೇ ಹೊಟ್ಟೆಯ ಮೇಲೆ ಕೆನ್ನೆಯಿಟ್ಟು ನಿದ್ದೆ ಹೋಗುವಳು.

ಉಬ್ಬಸ ಶುರುವಾದದ್ದು ಆ ವರ್ಷವೇ. ಮೊದಲು ಕೆಮ್ಮು, ಆಮೇಲೆ ಎದೆಯಲ್ಲಿ ಸೀಟಿ. ಡಾಕ್ಟರು ಬೆನ್ನಿಗೆ ಕೊಳವೆಯಿಟ್ಟು ಕೇಳಿ, "ಮನೇಲಿ ಹತ್ತಿ, ಬಟ್ಟೆ ಧೂಳು ಏನಾದ್ರೂ ಇದ್ಯಾ?" ಎಂದರು.

ಸೊಸೆ ತಿರುಗಿ ಅತ್ತೆಯನ್ನು ನೋಡಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ಚಿಂದಿಯಮ್ಮ ಭುಜ ಕೊಡವಿಕೊಂಡಳು. ಮೂರು ಬಣ್ಣದ ದಾರ ಡಾಕ್ಟರ ಮೇಜಿನ ಮೇಲೆಯೇ ಬಿತ್ತು.

"ಬಟ್ಟೆ ಚೂರು ಮಗು ಇರೋ ಕಡೆ ಇರಬಾರದು. ಹಾಸಿಗೆ, ದಿಂಬು, ಆಟದ ಸಾಮಾನು ವಾರಕ್ಕೊಂದು ಸಲ ಬಿಸಿನೀರಲ್ಲಿ ತೊಳೀರಿ."

ಸೊಸೆ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ದಿನವಿಡೀ ಬೇರೆಯವರ ಮಕ್ಕಳಿಗೆ ಇನ್ಹೇಲರ್ ತೆಗೆದುಕೊಡುವವಳು ಈಗ ತನ್ನ ಮಗುವಿಗೇ ಅದನ್ನು ಹಿಡಿಯಬೇಕಾಗಿ ಬಂದಿತ್ತು. ಅವತ್ತು ಊಟಕ್ಕೆ ಬಡಿಸುತ್ತಲೇ ಮಾತು ತೆಗೆದಳು.

"ಡಾಕ್ಟರ್ ಹೇಳಿದ್ದು ಕೇಳಿಸ್ತಲ್ವಾ ಅತ್ತೆ?"

"ಕೇಳಿಸ್ತು. ನನಗೇನು ಕಿವುಡೇ?"

"ಹಾಗಾದ್ರೆ ನಾಳೆಯಿಂದ?"

"ನಾಳೆಯಿಂದ ಉಸಿರಾಡೋದು ಬಿಡ್ತೀನಿ, ಅದೂ ಧೂಳೇ."

"ನೋಡಿ, ಹೀಗೆ ಮಾತಾಡಿದ್ರೆ ನಾನೇನು ಹೇಳಲಿ?" ಸೊಸೆ ಸೌಟು ಕುಕ್ಕಿ ಗಂಡನ ಕಡೆ ತಿರುಗಿದಳು. "ರೀ, ನಿಮ್ಮ ಬಾಯಲ್ಲೇನು ಕಡುಬಿದ್ಯಾ? ಹೇಳಿ."

ಮಗ ಅಚ್ಚುಕೂಟದಲ್ಲಿ ಯಂತ್ರ ನಡೆಸುವವನು. ಅಲ್ಲಿಯ ಗದ್ದಲಕ್ಕೆ ಒಗ್ಗಿ ಮನೆಯಲ್ಲಿ ಯಾರು ಕೂಗಿದರೂ ಪಿಸುಮಾತಿನ ಹಾಗೆ ಕೇಳುತ್ತಿದ್ದ. "ಇವಳು ಹೇಳೋದೂ ಸರಿ, ಅಮ್ಮನ ಕೆಲಸಾನೂ ನಿಲ್ಲಬಾರದು" ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟು ಅನ್ನ ಕಲಸಿದ.

ಕೊನೆಗೆ ಒಪ್ಪಂದ ಮಾಡಿಸಿದ್ದು ಗುಬ್ಬಿಯ ಕೆಮ್ಮೇ. ಅದು ಶುರುವಾದ ಕೂಡಲೇ ಚಿಂದಿಯಮ್ಮ ತಟ್ಟೆ ಬಿಟ್ಟು ಎದ್ದಳು. "ಮಾಳಿಗೆ ಮೇಲೆ ಹೋಗ್ತೀನಿ ಕಣೇ. ನೀರಿನ ತೊಟ್ಟಿ ಪಕ್ಕ ತಗಡಿನ ನೆರಳಿದೆಯಲ್ಲ, ಅಲ್ಲೇ ಕೂತು ಮುಗಿಸ್ತೀನಿ. ಒಂದು ಎಳೆ ಕೆಳಗೆ ಬಂದ್ರೆ ಕೇಳು."

"ಆಮೆ?" ಸೊಸೆ ಕೇಳಿದಳು.

ಗುಬ್ಬಿ ಕೆಮ್ಮುತ್ತಲೇ ಆಮೆಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡಳು. ಕಣ್ಣಲ್ಲಿ ನೀರು ತುಂಬಿತು.

"ಅದರ ಹೊಟ್ಟೆ ಹೊಲಿದು ಮುಚ್ಚಿರುತ್ತೆ, ಧೂಳೆಲ್ಲಿಂದ ಬರುತ್ತೆ?" ಅಂದಳು ಅಜ್ಜಿ.

ಸೊಸೆ ಮಗಳ ಮುಖ ನೋಡಿದಳು. "ಸರಿ. ಭಾನುವಾರ ಭಾನುವಾರ ನಾನೇ ಬಿಸಿನೀರಲ್ಲಿ ಅದ್ದಿ ತೊಳೀತೀನಿ. ಬೇರೆಯವರು ಮುಟ್ಟೋದು ಬೇಡ."

ಹೀಗೆ ಆಮೆ ಉಳಿಯಿತು.

ಮಾಳಿಗೆಯ ಮೇಲೆ ಚಿಂದಿಯಮ್ಮ ಹೊಸ ಪ್ರಯೋಗ ಹೂಡಿದಳು. ಒಣಬಟ್ಟೆ ಕತ್ತರಿಸಿದರೆ ನಾರು ಹಾರುತ್ತದೆ, ಮೈಗೆ ಅಂಟುತ್ತದೆ, ಮೈಯಿಂದ ಮಗುವಿಗೆ ಹೋಗುತ್ತದೆ. ಹಾಗಾದರೆ ಬಟ್ಟೆಯನ್ನೇ ನೆನೆಸಿದರೆ? ಒಂದು ಬಕೆಟ್ ನೀರಿಟ್ಟುಕೊಂಡು ಅದ್ದಿ ಹಿಂಡಿ, ಒದ್ದೆಯಲ್ಲೇ ಕತ್ತರಿಸಿ, ಒದ್ದೆಯಲ್ಲೇ ಹೊಲಿದಳು. ಸೂಜಿ ಮುಂದೆ ಹೋಗಲು ಒಲ್ಲೆ ಅನ್ನುತ್ತಿತ್ತು. ಸೂಜಿ ಚುಚ್ಚದಿರಲೆಂದು ಅಂಗುಸ್ತಾನ ತೊಟ್ಟ ಬೆರಳು ತುದಿಯಲ್ಲಿ ಒಣದ್ರಾಕ್ಷಿಯಾಯಿತು. ಆದರೆ ನಾರು ಹಾರಲಿಲ್ಲ! ಚೂರುಗಳು ಒಳ್ಳೆ ಮಕ್ಕಳ ಹಾಗೆ ಅಂಗೈಗೆ ಅಂಟಿಕೊಂಡು ಕೂರುತ್ತಿದ್ದವು.

ಬೀದಿ ಕೊನೆಯ ದರ್ಜಿ ಉಳಿಕೆ ಬಟ್ಟೆ ಕೊಡಲು ಮೆಟ್ಟಿಲು ಹತ್ತಿ ಬಂದವನು ಕಣ್ಣರಳಿಸಿದ. "ಏನಕ್ಕಾ, ಕೌದಿ ಹೊಲೀತಿದ್ದೀಯೋ, ಒಗೀತಿದ್ದೀಯೋ?"

"ಎರಡೂ. ನಿನ್ನ ಹಾಗೆ ಒಂದೇ ಕೆಲಸಕ್ಕೆ ಹುಟ್ಟಿದವಳಲ್ಲ ನಾನು."

"ನಲವತ್ತು ವರ್ಷದಿಂದ ಹೊಲೀತಿದ್ದೀನಿ, ಒದ್ದೆ ಬಟ್ಟೆಗೆ ಕತ್ತರಿ ಹಾಕಿದವರನ್ನ ನೋಡಿಲ್ಲ."

"ನೋಡು ಹಾಗಾದ್ರೆ, ಕಣ್ತುಂಬ ನೋಡು."

ಸಂಜೆ ಕೆಳಗಿಳಿಯುವ ಮುಂಚೆ ಮೈತೊಳೆದು, ಬಟ್ಟೆ ಬದಲಿಸಿ, ಚೂರುಗಳ ಡಬ್ಬಿ ಹಿಡಿದು ಬರುತ್ತಿದ್ದಳು. ಸೊಸೆ ಅಂಗಡಿಯಿಂದ ಬರುವಷ್ಟರಲ್ಲಿ ಆಮೆಯ ಊಟ ಮುಗಿಯುತ್ತಿತ್ತು. ಕದ್ದು ಮಾಡಿದ್ದೇನಲ್ಲ, ಒದ್ದೆ ಚೂರು ಹಾರುವುದಿಲ್ಲ, ಹೊಟ್ಟೆಯೊಳಗೆ ಹೋದ ಮೇಲೆ ಹೊರಗೆ ಬರುವುದಿಲ್ಲ, ಇನ್ನೇನು ಭಯ ಎಂದೇ ಅವಳ ಲೆಕ್ಕ. "ಅಜ್ಜಿ, ಇವತ್ತಿನ ಊಟ ತಣ್ಣಗಿದೆ" ಅನ್ನುತ್ತಿದ್ದಳು ಗುಬ್ಬಿ. "ಆಮೆಗೆ ತಣ್ಣಗಿರೋದೇ ಇಷ್ಟ ಕಣೇ" ಅನ್ನುತ್ತಿದ್ದಳು ಅಜ್ಜಿ.

ಭಾನುವಾರ ಸೊಸೆ ಕುದಿನೀರಲ್ಲಿ ಆಮೆಯನ್ನು ಅದ್ದಿ, ಹಿಂಡಿ, ಕಾಲಿಗೆ ಕ್ಲಿಪ್ಪು ಹಾಕಿ ಹಗ್ಗಕ್ಕೆ ನೇತುಹಾಕುವಳು. ಸಂಜೆ ಬೆನ್ನು ಮುಟ್ಟಿ ನೋಡಿದರೆ ಒಣಗಿರುತ್ತಿತ್ತು. ಗುಬ್ಬಿ ಕಾಯುತ್ತಾ ನಿಂತಿರುತ್ತಿದ್ದಳು.

ಮೊದಲ ಹತ್ತು ದಿನ ಸೀಟಿ ಕಡಿಮೆಯಾಯಿತು. ಸೊಸೆ ತಾನಾಗಿ ಮಾಳಿಗೆಗೆ ಎರಡು ಸಲ ಚಹಾ ತಂದುಕೊಟ್ಟಳು. "ಈ ಕಿಟಕಿ ಹೇಗೆ ಮಾಡಿದಿರಿ ಅತ್ತೆ?" ಎಂದು ಒಂದು ಸಲ ಕೇಳಿಯೂ ಬಿಟ್ಟಳು. ಚಿಂದಿಯಮ್ಮ ಅರ್ಧ ಗಂಟೆ ವಿವರಿಸಿದಳು. ಕೇಳಿದ್ದೇ ತಪ್ಪಾಯಿತೆಂದು ಸೊಸೆ ನಕ್ಕಳು. ಅತ್ತೆಯೂ ನಕ್ಕಳು. ಅಷ್ಟೇ ಅವರ ಸುಖದ ದಿನಗಳು.

ಮೂರನೆಯ ವಾರ ಕೆಮ್ಮು ಮರಳಿತು. ಬೆಳಿಗ್ಗೆ ಏಳುವಾಗಲೇ ಗೊರಗೊರ. ಸೊಸೆ ಪರದೆ ಬಿಚ್ಚಿ ಒಗೆದಳು, ಚಾಪೆ ಬಿಸಾಡಿದಳು, ಗೋಡೆ ಒರೆಸಿದಳು. ಗಂಡ ಅಚ್ಚುಕೂಟದ ಅಂಗಿಯನ್ನು ಹೊರಗೇ ಬಿಚ್ಚಿ ಬರಬೇಕಾಯಿತು. ಚಿಂದಿಯಮ್ಮ ದಿನಕ್ಕೆರಡು ಸಲ ತಲೆಗೆ ನೀರು ಹಾಕಿಕೊಂಡು ನೆಗಡಿ ಹಿಡಿಸಿಕೊಂಡಳು. ಏನು ಮಾಡಿದರೂ ಮಗುವಿನ ಪಕ್ಕೆಲುಬಿನ ನಡುವಿನ ಗುಳಿ ಆಳವಾಗುತ್ತಲೇ ಹೋಯಿತು.

ಒಂದು ಸಂಜೆ ಊಟದ ನಡುವೆ ಗುಬ್ಬಿ ತುತ್ತು ಕೈಯಲ್ಲೇ ಹಿಡಿದು ನಿಂತುಬಿಟ್ಟಳು. ಬಾಯಿ ತೆರೆದಿತ್ತು, ಗಾಳಿ ಒಳಗೆ ಹೋಗುತ್ತಿರಲಿಲ್ಲ. ತುಟಿ ನೇರಳೆಯಾಯಿತು. ಇನ್ಹೇಲರ್ ಎರಡು ಸಲ, ಮೂರು ಸಲ. ಮಗ ಮಗುವನ್ನು ಎತ್ತಿಕೊಂಡು ಬರಿಗಾಲಲ್ಲಿ ಬೀದಿಗೆ ಓಡಿದ. ಸೊಸೆ ಎಂಜಲು ಕೈಯಲ್ಲೇ ಅವನ ಹಿಂದೆ ಓಡಿದಳು. ಚಿಂದಿಯಮ್ಮ ಬಾಗಿಲು ತೆರೆದಿಟ್ಟು, ಒಲೆ ಆರಿಸುವುದನ್ನೂ ಮರೆತು ಅವರ ಹಿಂದೆ ಹೊರಟಳು.

ಆಸ್ಪತ್ರೆಯ ಉದ್ದನೆಯ ಜಗಲಿಯಲ್ಲಿ ಮೂವರೂ ಒಂದೇ ಬೆಂಚಿನ ಮೇಲೆ ಕೂತರು. ಗಾಜಿನಾಚೆ ಗುಬ್ಬಿಯ ಮುಖಕ್ಕೆ ಔಷಧಿಯ ಹೊಗೆ ಬರುವ ಮುಖವಾಡ ಕಟ್ಟಿದ್ದರು. ಸೊಸೆ ಅಳಲಿಲ್ಲ, ಕೂಗಲೂ ಇಲ್ಲ. ಕೂಗಿದ್ದರೆ ಚೆನ್ನಾಗಿತ್ತು ಅನ್ನಿಸಿತು ಚಿಂದಿಯಮ್ಮನಿಗೆ.

"ಇಲ್ಲಿಂದ ನಾನು ನಮ್ಮಮ್ಮನ ಮನೆಗೆ ಹೋಗ್ತೀನಿ," ಅಂದಳು ಸೊಸೆ. "ಆ ಕೌದಿ ಇರೋವರೆಗೂ ಗುಬ್ಬಿ ಆ ಮನೆ ಹೊಸ್ತಿಲು ತುಳಿಯಲ್ಲ."

"ದರ್ಜಿ ಅಂಗಡೀಲಿ ಅಟ್ಟ ಇದೆ, ಅಲ್ಲಿಡ್ತೀನಿ ಕಣಮ್ಮಾ. ಇನ್ನೊಂದೇ ಮೂಲೆ ಇದೆ..."

"ಅಲ್ಲಿಟ್ಟರೆ ನೀವು ದಿನಾ ಅಲ್ಲಿಗೆ ಹೋಗ್ತೀರಿ. ಮೈತುಂಬ ಅದನ್ನೇ ಹೊತ್ಕೊಂಡು ಬರ್ತೀರಿ. ನಿಮ್ಮನ್ನ ನಾನು ನೋಡಿಲ್ವಾ ಅತ್ತೆ? ಹೋಗದೆ ಇರ್ತೀರಾ? ಆಣೆ ಮಾಡಿ ಹೇಳಿ."

ಚಿಂದಿಯಮ್ಮ ಬಾಯಿ ತೆರೆದಳು. ಕುಡುಕ ಬಾಟಲಿಯನ್ನು ಪಕ್ಕದ ಮನೆಯಲ್ಲಿಟ್ಟರೆ ಕುಡಿತ ಬಿಟ್ಟಂತಾಗುತ್ತದೆಯೇ? ಅವಳಿಗೆ ಅವಳು ಗೊತ್ತಿತ್ತು. ಬಾಯಿ ಮುಚ್ಚಿಕೊಂಡಳು.

"ಅಮ್ಮ..." ಅಂದ ಮಗ. ಅವತ್ತು ಅವನಿಗೆ ದೀಪ ಇಡಲು ಅಡ್ಡಗೋಡೆಯೂ ಸಿಗಲಿಲ್ಲ.

ಮಾರನೆಯ ಬೆಳಿಗ್ಗೆ ಅವಳು ಪ್ರದರ್ಶನದ ಹೆಂಗಸಿಗೆ ಫೋನು ಮಾಡಿದಳು. ಅರ್ಧ ಆದದ್ದನ್ನೇ ತಗೊಳ್ಳಿ, ಇವತ್ತೇ ತಗೊಳ್ಳಿ, ಗೋಡೆಯೂ ಬೇಡ, ಎಲ್ಲಾದರೂ ಮೂಲೆಯಲ್ಲಿಡಿ ಎಂದು ಬೇಡಿದಳು. ಆ ಕಡೆಯವಳು ಒಳ್ಳೆಯ ಮಾತಲ್ಲೇ ಹೇಳಿದಳು: "ಮುಗಿಯದ್ದನ್ನ ಇಡೋಕಾಗಲ್ಲಮ್ಮ, ಇಟ್ಕೊಳ್ಳೋಕೆ ನಮಗೆ ಜಾಗಾನೂ ಇಲ್ಲ. ಮುಗಿಸಿ ತನ್ನಿ, ಗೋಡೆ ನಿಮ್ಮದೇ."

ಕಸದ ಗಾಡಿ ಆ ಬೀದಿಗೆ ಹತ್ತು ಗಂಟೆಗೆ ಬರುತ್ತದೆ. ಅವಳು ಒಂಬತ್ತಕ್ಕೆ ಮಾಳಿಗೆ ಹತ್ತಿ ಕೌದಿಯನ್ನು ಮಡಿಚತೊಡಗಿದಳು. ಒಬ್ಬಳ ಕೈಗೆ ಅದು ಸಿಗುವಂಥದ್ದಲ್ಲ. ಮಗ ಆಸ್ಪತ್ರೆಯಿಂದ ಬಟ್ಟೆ ಒಯ್ಯಲು ಬಂದವನು ಮೆಟ್ಟಿಲ ಮೇಲೆ ನಿಂತ.

"ಅಮ್ಮ, ಎರಡು ದಿನ ತಡಿ. ಏನಾದ್ರೂ ದಾರಿ ಹುಡುಕೋಣ."

"ಎರಡು ದಿನ ಆದ್ರೆ ನನ್ನ ಕೈಲಾಗಲ್ಲ. ಆ ತುದಿ ಹಿಡ್ಕೋ."

ಅವನು ಹಿಡಿದ. ಹಿಡಿದ ತುದಿಯಲ್ಲಿ ಖಾಕಿಯ ಬಾಗಿಲಿತ್ತು. ಗಾಡಿಯವನು, "ಇಷ್ಟು ಒಳ್ಳೇದು, ನಮ್ಮ ಮನೆಗೆ ಹಾಸೋಕೆ ತಗೋಬಹುದಾ ಅಮ್ಮ?" ಎಂದು ಕೇಳಿದ. ಅವಳಿಗೆ ಒಂದು ಕ್ಷಣ ಆಸೆಯಾಯಿತು. ಹಾಸಲಿ, ಯಾರಾದರೂ ಬೆಚ್ಚಗೆ ಮಲಗಲಿ. ಆಮೇಲೆ ಕೇಳಿದಳು: "ಮನೇಲಿ ಮಕ್ಕಳಿದ್ದಾರಾ?"

"ಇದ್ದಾರೆ, ಎರಡು."

"ಹಾಗಾದ್ರೆ ಬೇಡ." ಅವಳೇ ಕೌದಿಯನ್ನು ತರಕಾರಿ ಸಿಪ್ಪೆಯ ಮೇಲೆ ತಳ್ಳಿ, ಮೇಲೆ ಮನೆಯ ಕಸದ ಬುಟ್ಟಿ ಬೋರಲು ಹಾಕಿದಳು. ಗಾಡಿ ತಿರುವಿನಲ್ಲಿ ಮರೆಯಾಗುವವರೆಗೂ ನಿಂತಿದ್ದಳು. ಒಳಗೆ ಬಂದು ಅನ್ನಕ್ಕಿಟ್ಟಳು, ಆಸ್ಪತ್ರೆಗೆ ಬುತ್ತಿ ಕಟ್ಟಬೇಕಿತ್ತು. ಅಕ್ಕಿ ತೊಳೆಯುತ್ತಾ ತೊಳೆಯುತ್ತಾ ದನದ ಹಾಗೆ ಅತ್ತಳು.

ನಾಲ್ಕೇ ದಿನಕ್ಕೆ ಗುಬ್ಬಿ ಆಸ್ಪತ್ರೆಯಲ್ಲಿ ಚೇತರಿಸಿಕೊಂಡಳು. ಅಷ್ಟರಲ್ಲಿ ಚಿಂದಿಯಮ್ಮ ಮನೆಯನ್ನು ಸೋಪು ನೀರಲ್ಲಿ ಮೂರು ಸಲ ತೊಳೆದಿದ್ದಳು. ಕತ್ತರಿಯನ್ನು ದರ್ಜಿಗೆ ಕೊಟ್ಟಳು, ದಾರದ ಉಂಡೆಗಳನ್ನೂ. ಮನೆ ಖಾಲಿ ಪಾತ್ರೆಯ ಹಾಗೆ ಸದ್ದು ಮಾಡುತ್ತಿತ್ತು. ಸೊಸೆ ಬಾಗಿಲಲ್ಲಿ ನಿಂತು ಮೂಗಿನಿಂದ ಗಾಳಿ ಎಳೆದು ನೋಡಿ, ಮಗಳನ್ನು ಒಳಗೆ ಬಿಟ್ಟಳು. ಗುಬ್ಬಿ ನೇರ ಹೋಗಿ, ಮಂಚದ ಮೇಲೆ ಕಾಯುತ್ತಿದ್ದ ಆಮೆಯನ್ನು ತಬ್ಬಿಕೊಂಡಳು. ಆಸ್ಪತ್ರೆಯವರು ಅದನ್ನು ಒಳಗೆ ತರಲು ಬಿಟ್ಟಿರಲಿಲ್ಲ.

"ಇದನ್ನ ತೊಳೆದು ಕೊಡ್ತೀನಿ ಇರು," ಅಂದ ಸೊಸೆ ಆಗಲೇ ಬಿಸಿನೀರಿಗಿಟ್ಟಳು. ನಾಲ್ಕು ದಿನದಿಂದ ಕಾದಿದ್ದ ಮಗು ಎಷ್ಟು ಹೊತ್ತು ತಡೆದೀತು? ಸಂಜೆಗೆ ಕೈಗೆ ಸಿಕ್ಕಿತು.

ಮೂರನೆಯ ಬೆಳಿಗ್ಗೆ ಸೀಟಿ.

ಸೊಸೆ ಹಾಸಿಗೆಯ ಮೇಲೆ ಕೂತವಳು ನಿಧಾನಕ್ಕೆ ಎದ್ದು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಳು. "ಎಲ್ಲಿಟ್ಟಿದ್ದೀರಿ?"

"ಏನನ್ನ?"

"ಬಟ್ಟೆ. ಎಲ್ಲೋ ಬಚ್ಚಿಟ್ಟಿದ್ದೀರಿ. ಇಲ್ಲದಿದ್ರೆ ಇದು ಹೇಗೆ ಬರುತ್ತೆ?"

"ನನ್ನ ಕಣ್ಣಾಣೆ ಇಲ್ಲ ಕಣೇ. ಸೂಜಿ ಒಂದಿದೆ, ಗುಂಡಿ ಹಚ್ಚೋಕೆ."

"ಪೆಟ್ಟಿಗೆ ತೆಗೀರಿ."

ಚಿಂದಿಯಮ್ಮ ಪೆಟ್ಟಿಗೆ ತೆಗೆದಳು. ಸೊಸೆ ಒಂದೊಂದೇ ಬಟ್ಟೆ ಕೊಡವಿ ನೋಡಿದಳು, ಹಾಸಿಗೆ ಮಗುಚಿದಳು, ಅಟ್ಟಕ್ಕೆ ಕೈಹಾಕಿದಳು, ಹಿಟ್ಟಿನ ಡಬ್ಬಿಯನ್ನೂ ಬಿಡಲಿಲ್ಲ. ಸಿಕ್ಕಿದ್ದು ಒಂದು ಅಂಗುಸ್ತಾನ, ಹಳೆಯ ಬಸ್ ಟಿಕೆಟ್ಟಿನ ಒಂದು ಕಟ್ಟು. ಸೊಸೆ ನೆಲದ ಮೇಲೆ ಕುಸಿದು ಕೂತು ಮುಖ ಮುಚ್ಚಿಕೊಂಡಳು. "ನಾನಿನ್ನೇನು ಮಾಡ್ಲಿ? ಹೇಳಿ ಅತ್ತೆ, ಇನ್ನೇನು ಹೊರಗೆ ಹಾಕ್ಲಿ ಈ ಮನೆಯಿಂದ?"

ಹೊರಗೆ ಹಾಕಲು ಉಳಿದದ್ದು ಏನೆಂದು ಚಿಂದಿಯಮ್ಮನಿಗೆ ಹೊಳೆಯಿತು. ಆರು ವರ್ಷ ನಾರಿನ ನಡುವೆ ಬದುಕಿದವಳು. ಚರ್ಮದಲ್ಲಿ, ಕೂದಲಲ್ಲಿ, ಉಗುರಲ್ಲಿ ಅದೇ ತುಂಬಿದ್ದರೆ? ಎಷ್ಟು ತೊಳೆದರೂ ಹೋಗದ್ದು ತಾನೇ ಇರಬೇಕು. ಹಾಗೆ ಅನ್ನಿಸಿದ ಮೇಲೆ ಅವಳಿಗೆ ಮಗುವಿನ ಹತ್ತಿರ ನಿಲ್ಲಲೂ ಹೆದರಿಕೆಯಾಯಿತು. ಮಧ್ಯಾಹ್ನ ಅಕ್ಕನ ಮನೆಗೆ ಹೋಗುತ್ತೇನೆಂದು ಎರಡು ಜೊತೆ ಬಟ್ಟೆ ಚೀಲಕ್ಕೆ ತುರುಕಿದಳು. ಸೊಸೆ ಬೇಡ ಅನ್ನಲಿಲ್ಲ. ಗುಬ್ಬಿಗೆಂದು ಹೊಸದಾಗಿ ತಂದಿದ್ದ ಔಷಧಿ ಹೊಗೆಯ ಯಂತ್ರ ತೊಳೆಯಲು ಬಚ್ಚಲಿಗೆ ಹೋದಳು.

ಗುಬ್ಬಿ ಗೋಡೆಗೊರಗಿ ಕೂತಿದ್ದಳು. ಒಂದೊಂದು ಮಾತಿಗೂ ಉಸಿರು ಹುಡುಕಬೇಕಿತ್ತು.

"ಎಲ್ಲಿಗೆ... ಅಜ್ಜಿ?"

"ನಿಮ್ಮ ದೊಡ್ಡಜ್ಜಿ ಮನೆಗೆ ಕಂದಾ. ನೀನು ಹುಷಾರಾದ ಮೇಲೆ ಬರ್ತೀನಿ."

"ಆಮೆಗೆ ಊಟ... ಹಾಕಿ ಹೋಗು. ಎಷ್ಟು ದಿನ ಆಯ್ತು... ಉಪವಾಸ ಇದೆ ಅದು. ಬಾಯಿ ವಾಸನೆ ಬರ್ತಿದೆ."

"ಬಾಯಿ ವಾಸನೆ?"

"ಉಪವಾಸ ಇದ್ರೆ... ಬರುತ್ತಲ್ಲ. ನೋಡು." ಮಗು ಆಮೆಯ ಹೊಟ್ಟೆಯನ್ನು ಅಜ್ಜಿಯ ಮೂಗಿಗೆ ಹಿಡಿದಳು.

ನೆಗಡಿಯ ಮೂಗಿಗೂ ಅದು ಬಡಿಯಿತು. ಹಳೆಯ ಬಾವಿಯ ವಾಸನೆ. ಚಿಂದಿಯಮ್ಮ ಆಮೆಯನ್ನು ಕಸಿದುಕೊಂಡಳು. ಬೆನ್ನು ಒಣಗಿತ್ತು, ಹಸಿರಾಗಿ, ಚೊಕ್ಕಟವಾಗಿ. ಹೊಟ್ಟೆಯೊಳಗೆ ಬೆರಳು ಒತ್ತಿದಳು. ಒಳಗೆ ತಣ್ಣಗಿತ್ತು.

"ನೀನು ಆಚೆ ಹೋಗು. ಹೋಗು ಅಂದ್ನಲ್ಲಾ!" ಎಂದು ಕಿರುಚಿದಳು. ಆ ಮಗುವಿಗೆ ಅವಳು ಎಂದೂ ಕಿರುಚಿದ್ದಿಲ್ಲ. ಹಿತ್ತಲಿಗೆ ಓಡಿ ಹೊಲಿಗೆಯನ್ನು ಹಲ್ಲಿನಿಂದಲೇ ಕಿತ್ತಳು. ತಿಂಗಳಿಡೀ ತಿನ್ನಿಸಿದ ಒದ್ದೆ ಚೂರುಗಳು ಗಟ್ಟಿ ಮುದ್ದೆಯಾಗಿ ಕೂತಿದ್ದವು. ಮೇಲೆ ಕಪ್ಪು ಬೂಷ್ಟು, ಅದರ ಮೇಲೆ ಬೂದುಬಣ್ಣದ ರೋಮ. ಬೆರಳು ತಾಗಿದ ಕಡೆ ಹೊಗೆಯ ಹಾಗೆ ಪುಡಿ ಎದ್ದಿತು. ಇದರ ಮೇಲೆ ಕೆನ್ನೆಯಿಟ್ಟು, ಬಾಯಿ ತೆರೆದು ಮಗು ದಿನಾ ಮಲಗಿತ್ತು.

ಸೊಸೆ ಒದ್ದೆ ಕೈಯಲ್ಲಿ ಬಂದು ನಿಂತದ್ದು ಅವಳಿಗೆ ಗೊತ್ತಾಗಲಿಲ್ಲ.

"ನಾನು ಕಣೇ," ಅಂದಳು ಚಿಂದಿಯಮ್ಮ. "ನಾನೇ. ಹಸಿ ಚೂರು ತುಂಬಿದೆ. ಧೂಳು ಹಾರಬಾರದು ಅಂತ ನೆನೆಸಿದೆ, ನೆನೆಸಿ ಇದರ ಹೊಟ್ಟೆಗೆ ಹಾಕಿದೆ. ಬೇಲಿಯೇ ಎದ್ದು ಹೊಲ ಮೇಯ್ತು. ಹೊಡಿ ನನ್ನ, ಬೇಕಾದ್ರೆ ಹೊಡಿ."

ಸೊಸೆ ಬಗ್ಗಿ ನೋಡಿದಳು. ಮುಖದ ಬಣ್ಣ ಇಳಿಯಿತು. "ಭಾನುವಾರ ಭಾನುವಾರ ಅದ್ದಿದ್ದು ನಾನಲ್ವಾ?" ಅಂದಳು. "ಆಸ್ಪತ್ರೆಯಿಂದ ಬಂದ ದಿನಾನೂ ಅದ್ದಿದೆ. ಮೇಲೆ ಮುಟ್ಟಿ ನೋಡಿದೆ, ಒಣಗಿತ್ತು. ನಾನೇ ಕೈಗೆ ಕೊಟ್ಟೆ."

ಸೊಸೆ ಒಂದು ಪ್ಲಾಸ್ಟಿಕ್ ಚೀಲ ತಂದಳು, ಅತ್ತೆ ಅದರೊಳಗೆ ಆಮೆಯನ್ನಿಟ್ಟು ಬಾಯಿ ಕಟ್ಟಿದಳು. ಡಾಕ್ಟರು ನೋಡಿದ ಕೂಡಲೇ, "ಇದೇ. ಇದನ್ನ ತೆಗೆದ್ರಲ್ಲ, ಇನ್ನು ವಾಸಿಯಾಗ್ತಾಳೆ. ಚೀಲ ಬಿಚ್ಚದೆ ಕಸಕ್ಕೆ ಹಾಕಿ" ಎಂದರು. ಅಜ್ಜಿಯ ಬಟ್ಟೆ ಚೀಲ ಗೂಟದಲ್ಲಿ ನೇತಾಡುತ್ತಲೇ ಉಳಿಯಿತು. ಹೋಗು ಎಂದು ಯಾರೂ ಹೇಳಲಿಲ್ಲ, ಇರು ಎಂದೂ ಹೇಳಲಿಲ್ಲ.

ಗುಬ್ಬಿಯ ಉಸಿರು ದಿನಕ್ಕಿಷ್ಟು ತಿಳಿಯಾಯಿತು. ಐದನೆಯ ದಿನ ಊಟಕ್ಕೆ ಕೂತಾಗ ಸೀಟಿ ಇರಲಿಲ್ಲ. ಅವಳು ಎರಡನೇ ಸಲ ಅನ್ನ ಹಾಕಿಸಿಕೊಂಡಳು. ಮಗ ಅದನ್ನೇ ನೋಡುತ್ತಾ, ಯೋಚಿಸುತ್ತಾ, ಯಾರೂ ಬಾಯಿಬಿಟ್ಟು ಆಡದಿದ್ದ ಮಾತನ್ನು ಆಡಿಬಿಟ್ಟ.

"ಹಾಗಾದ್ರೆ ಕೌದಿ ಏನೂ ಮಾಡಿರ್ಲಿಲ್ವಾ?"

ಸೊಸೆಯ ಕೈಯ ಸೌಟು ಪಾತ್ರೆಯಲ್ಲೇ ನಿಂತಿತು. ಚಿಂದಿಯಮ್ಮ ತಟ್ಟೆಯ ಅನ್ನವನ್ನು ಕಲಸುತ್ತಲೇ ಇದ್ದಳು, ಕಲಸಿ ಕಲಸಿ ಗಂಜಿಯಾಯಿತು.

"ಉಣ್ಣೋ," ಅಂದಳು ಮಗನಿಗೆ. "ಅನ್ನ ಆರುತ್ತೆ."

ಮರುದಿನ ಕಸದ ಗಾಡಿಯ ಗಂಟೆ ಕೇಳಿದಾಗ ಅವಳೇ ಹಿತ್ತಲಿಗೆ ಹೋಗಿ, ಇಷ್ಟು ದಿನ ಯಾರಿಗೂ ಎಸೆಯಲು ಮನಸ್ಸಾಗದೆ ಉಳಿದಿದ್ದ ಆಮೆಯ ಚೀಲ ತಂದಳು. ಬಾಗಿಲಾಚೆ ನಿಂತು, ಬಿಚ್ಚಬೇಡಿ ಎಂದಿದ್ದರೂ, ಬಿಚ್ಚಿದಳು. ಮೂಗು ಮುಚ್ಚಿಕೊಂಡು ಮುದ್ದೆಯನ್ನು ಕಡ್ಡಿಯಿಂದ ಸರಿಸಿದಳು. ಅಡುಗೆಮನೆಯ ಚೌಕಳಿ ಇತ್ತು. ತುಕ್ಕಿನ ಪೈಪಿನ ಚೂರಿತ್ತು. ಕಿಟಕಿಯ ಬೆಳಕಿಗೆಂದು ಕತ್ತರಿಸಿ ತೆಗೆದ ತೆಳುಬಟ್ಟೆ ಕರಗಿಹೋಗಿತ್ತು. ತಳದಲ್ಲಿ, ಬೂಷ್ಟು ಮುಟ್ಟದ ಕಡೆ, ಹೆಬ್ಬೆರಳ ಉಗುರಿನಷ್ಟು ಖಾಕಿ. ಆರು ವರ್ಷ ಹೊಲಿದ ಮನೆಯದೆಂದು ಲೋಕದಲ್ಲಿ ಉಳಿದದ್ದು ಇಷ್ಟೇ, ಈ ಹೊಟ್ಟೆಯೊಳಗಿನ ಪುಡಿ. ಅವಳು ಖಾಕಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು.

ಹಿಂದಿನಿಂದ ಸೊಸೆಯ ದನಿ ಬಂತು. "ಬೇಕಿದ್ರೆ ಇಟ್ಕೊಳ್ಳಿ ಅತ್ತೆ. ಕೊಡಿ, ಕುದಿಸಿ, ಇಸ್ತ್ರಿ ಮಾಡಿ ಕೊಡ್ತೀನಿ." ಆ ದನಿಯಲ್ಲಿ ಬೇಡಿಕೆಯಿತ್ತು. ಇಷ್ಟನ್ನಾದರೂ ತಗೊಳ್ಳಿ, ನನಗೋಸ್ಕರ ತಗೊಳ್ಳಿ ಅನ್ನುವ ಹಾಗೆ.

ಚಿಂದಿಯಮ್ಮನಿಗೆ ಅದು ಬೇಕಿತ್ತು. ಬಾಯಲ್ಲಿ ನೀರೂರುವಷ್ಟು ಬೇಕಿತ್ತು. ಒಂದು ಚೂರಿದ್ದರೆ ಅದರ ಪಕ್ಕಕ್ಕೆ ಇನ್ನೊಂದು ಚೂರು ಬೇಕಾಗುತ್ತದೆ. ಬಾಗಿಲಾದ ಮೇಲೆ ಹೊಸ್ತಿಲು.

"ಬೇಡ," ಅಂದಳು. ಖಾಕಿಯನ್ನು ಚೀಲದೊಳಗೆ ಬಿಟ್ಟು, ಬಿಗಿಯಾಗಿ ಕಟ್ಟಿ, ಗಾಡಿಯವನ ಕೈಗೆ ಕೊಟ್ಟಳು.

ಗಾಡಿ ಹೊರಟಿತು. ಅಷ್ಟರಲ್ಲಿ ಒಳಗಿನಿಂದ ಗುಬ್ಬಿ ಚಪ್ಪಲಿಯಿಲ್ಲದೆ ನುಗ್ಗಿ ಬಂದು, "ಆಮೇ! ಟಾಟಾ! ಚೆನ್ನಾಗಿ ಊಟ ಮಾಡು!" ಎಂದು ಕೂಗುತ್ತಾ ಗಾಡಿಯ ಹಿಂದೆ ಓಡಿದಳು. ತಿರುವಿನವರೆಗೂ ಓಡಿದಳು. ಆ ವರ್ಷ ಅವಳು ಓಡಿದ್ದೇ ಇಲ್ಲ. ಅದೇ ವೇಗದಲ್ಲಿ ತಿರುಗಿ ಓಡಿ ಬಂದು ಅವರಿಬ್ಬರ ನಡುವೆ ಮೊಣಕಾಲಿಗೆ ಕೈಯೂರಿ ನಿಂತು ಏದುಸಿರು ಬಿಟ್ಟಳು.

ಅತ್ತೆ ಸೊಸೆಯ ಮುಖ ನೋಡಲಿಲ್ಲ, ಸೊಸೆ ಅತ್ತೆಯ ಮುಖ ನೋಡಲಿಲ್ಲ. ಇಬ್ಬರೂ ತಮ್ಮ ಉಸಿರು ಬಿಗಿಹಿಡಿದು ಅವಳ ಉಸಿರು ಕೇಳಿದರು. ಒಂದು, ಎರಡು, ಮೂರು. ಸೀಟಿ ಇರಲಿಲ್ಲ. ಎಷ್ಟು ಹೊತ್ತು ಕೇಳಿದರೂ ಇರಲಿಲ್ಲ.